ತಮ್ಮನ ಏಕಾದಶಿ

 

ನಾನು ವೈದ್ಯನಲ್ಲ, ಮೂವತ್ತಾರು ವರ್ಷ ರೈಲು ಹಳಿಗಳನ್ನು ನೋಡಿಕೊಂಡವನು. ಆದರೂ ಬೈಪೋಲಾರ್ ಎಂಬ ಮನೋವ್ಯಾಧಿಯ ಕುರಿತು ಮಾತನಾಡಲು ಒಪ್ಪಿದೆ. ನನ್ನ ತಮ್ಮನಿಗೆ ಆ ವ್ಯಾಧಿಯಿದೆ. ಅವನ ಅನುಮತಿ ಪಡೆದೇ ಹೇಳುತ್ತಿದ್ದೇನೆ.

ಇದರಲ್ಲಿ ಮನಸ್ಸು ಕೆಲಕಾಲ ಅತ್ಯುತ್ಸಾಹಕ್ಕೇರುತ್ತದೆ, ಕೆಲಕಾಲ ಖಿನ್ನತೆಗೆ ಇಳಿಯುತ್ತದೆ. ಅವನಿಗೆ ಮೊದಲ ಬಾರಿ ಏರಿದಾಗ ಅದು ರೋಗವೆಂದು ನಮಗೆ ತೋರಲೇ ಇಲ್ಲ. ಎರಡೇ ಗಂಟೆ ನಿದ್ರಿಸಿ, ದಣಿವಿಲ್ಲದೆ ಎದ್ದು ಸ್ನಾನ, ಜಪ, ಪಾರಾಯಣ! ತಾಯಿಯವರು ಹಿಗ್ಗಿದರು. ಭವಿಷ್ಯನಿಧಿಯ ಹಣವನ್ನೆಲ್ಲ ಅಪರಿಚಿತನೊಬ್ಬನ ವ್ಯಾಪಾರಕ್ಕೆ ಸುರಿದ ಮೇಲೆ ನಮಗೆ ಎಚ್ಚರವಾಯಿತು. ಅನಂತರದ ಖಿನ್ನತೆಯಲ್ಲಿ ಬದುಕೇ ಬೇಡವೆಂದ. "ನಿನಗೇನು ಕಡಿಮೆಯಾಗಿದೆ?" ಎಂದು ಗದರಿಸಿದೆ. ಬೇಸಿಗೆಯಲ್ಲಿ ಹಳಿ ಹಿಗ್ಗಿತೆಂದು ನಾನೆಂದೂ ಹಳಿಯನ್ನು ಗದರಿಸಿದವನಲ್ಲ, ತಮ್ಮನನ್ನು ಗದರಿಸಿದೆ.

ವೈದ್ಯರು ಕೊಟ್ಟದ್ದು ಲಿಥಿಯಂ. ಉನ್ಮಾದಕ್ಕೆ ಇದರ ಉಪಯೋಗವನ್ನು ಆಸ್ಟ್ರೇಲಿಯದ ಜಾನ್ ಕೇಡ್ 1949ರಲ್ಲಿ ಪ್ರಕಟಿಸಿದರು. ರಕ್ತದಲ್ಲಿ ಕಡಿಮೆಯಾದರೆ ಫಲವಿಲ್ಲ, ತುಸು ಹೆಚ್ಚಾದರೆ ವಿಷ. ಆದುದರಿಂದ ಅದರ ಪ್ರಮಾಣವನ್ನೂ ಮೂತ್ರಪಿಂಡ, ಥೈರಾಯ್ಡ್‌ಗಳನ್ನೂ ಕಾಲಕಾಲಕ್ಕೆ ಪರೀಕ್ಷಿಸಬೇಕು.

ಇಲ್ಲಿಯೇ ನಮ್ಮ ಮನೆಗಳ ಆಚರಣೆಯ ಮಾತು ಬರುತ್ತದೆ. ದೇಹದಲ್ಲಿ ನೀರು, ಉಪ್ಪು ಕುಗ್ಗಿದರೆ ಮೂತ್ರಪಿಂಡಗಳು ಲಿಥಿಯಂ ಅನ್ನು ಹೊರಹಾಕದೆ ಉಳಿಸಿಕೊಳ್ಳುತ್ತವೆ. ಒಮ್ಮೆ ಮೇ ತಿಂಗಳಲ್ಲಿ, ಭೇದಿಯಿಂದ ಬಳಲಿದ್ದಾಗಲೇ, ತಮ್ಮ ನಿರ್ಜಲ ಏಕಾದಶಿ ಮಾಡಿದ. ದ್ವಾದಶಿಯ ಬೆಳಿಗ್ಗೆ ತೀರ್ಥಕ್ಕೆ ಒಡ್ಡಿದ ಕೈ ನಡುಗಿತು, ಮಾತು ತೊದಲಿತು, ವಾಂತಿಯಾಯಿತು. ನಾಲ್ಕು ದಿನ ಆಸ್ಪತ್ರೆವಾಸ. ಆಮೇಲೆ ವಿದ್ವಾಂಸರೊಬ್ಬರನ್ನು ಕೇಳಿದೆವು. ರೋಗಿಗೆ ವಿನಾಯಿತಿಯುಂಟು ಎಂದರು. ಮೊದಲೇ ಕೇಳಬಹುದಿತ್ತು. ಈಗ ಅಂದು ಅವನು ಹೊತ್ತುಹೊತ್ತಿಗೆ ನೀರು ಕುಡಿದು ಫಲಾಹಾರ ಸ್ವೀಕರಿಸುತ್ತಾನೆ. ಮೊಣಕಾಲು ನೋವಿಗೆಂದು ಅಂಗಡಿಯಿಂದ ತರುವ ಐಬುಪ್ರೊಫೆನ್‌ನಿಂದಲೂ ಇದೇ ಅಪಾಯ. ವೈದ್ಯರನ್ನು ಕೇಳದೆ ಕೊಡಬಾರದು. ಗುಣವಾಯಿತೆಂದು ಲಿಥಿಯಂ ಅನ್ನು ತಾವಾಗಿ ನಿಲ್ಲಿಸುವುದೂ ಕೂಡದು.

ಅವನು ಸ್ವಸ್ಥನಾಗಿದ್ದಾಗಲೇ ಮನೆಯವರೆಲ್ಲ ಕುಳಿತು ಒಂದು ಕಾಗದ ಬರೆದೆವು. ಎರಡು ರಾತ್ರಿ ನಿದ್ರೆ ತಪ್ಪಿದರೆ ನಾದಿನಿ ವೈದ್ಯರಿಗೆ ಫೋನ್ ಮಾಡತಕ್ಕದ್ದು, ಬ್ಯಾಂಕ್ ಕಾರ್ಡ್ ಆಕೆಯ ವಶದಲ್ಲಿರತಕ್ಕದ್ದು. ಷರತ್ತುಗಳನ್ನು ಹೇಳಿದವನು ಅವನೇ, ಬರೆದವನು ಮಾತ್ರ ನಾನು. 2017ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿಯೂ ರೋಗಿಯು ತನ್ನ ಚಿಕಿತ್ಸೆಯ ಕುರಿತು ಮುಂಗಡ ನಿರ್ದೇಶನ ಬರೆದಿಡಲು ಅವಕಾಶವಿದೆ. ಸಲಹೆ ಬೇಕಾದವರಿಗೆ ಸರಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416.

ತಮ್ಮ ಈಗ ಕೆಳಗೆ ಪ್ರಸಾದ ಬಡಿಸುತ್ತಿದ್ದಾನೆ. ಅವನು ಹತ್ತು ಗಂಟೆಗೆ ಮಲಗಬೇಕಾದುದರಿಂದ ನಾವಿಬ್ಬರೂ ಬೇಗನೆ ಹೊರಡುತ್ತೇವೆ. ಮನ್ನಿಸಬೇಕು.