ಹಡಗು ಹತ್ತುವ ಮೊದಲು



ದಹಿಸರ್‌ನಲ್ಲಿರುವ ನಮಗೆ ನದಿ ಎಂದೊಡನೆ ನೆನಪಾಗುವುದು ದಹಿಸರ್ ನದಿ. ತುಳಸಿ ಕೆರೆಯ ಕಡೆಯಿಂದ ಹೊರಟು, ರಾಷ್ಟ್ರೀಯ ಉದ್ಯಾನ ದಾಟಿ, ಕಟ್ಟಡಗಳ ನಡುವೆ ನುಸುಳಿ ಮನೋರಿ ಖಾಡಿ ಸೇರುವ ಈ ನದಿಯಲ್ಲಿ ಹಡಗಿನ ಮಾತೇ ಇಲ್ಲ. ಆದರೆ 2005ರ ಜುಲೈ 26ರ ಮಳೆ ಕಂಡ ನಮಗೆ ನೀರು ಏರಿದರೆ ಏನಾಗುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಯುರೋಪಿನ ನದಿಗಳಲ್ಲಿ ಹಡಗಿನ ಪ್ರವಾಸಕ್ಕೆ ಹೊರಟವರೂ ಮೊದಲು ಯೋಚಿಸಬೇಕಾದದ್ದು ನೀರಿನ ಬಗ್ಗೆಯೇ.

ಇಂದು ನಿವೃತ್ತಿಯ ಹಣದಲ್ಲಿ ಒಂದು ಪಾಲು ತೆಗೆದಿಟ್ಟು ಇಂಥ ಪ್ರವಾಸದ ಕನಸು ಕಾಣುವವರು ನಮ್ಮಲ್ಲೂ ಇದ್ದಾರೆ. ದಿನಕ್ಕೊಂದು ಹೋಟೆಲು ಬದಲಿಸುವ ಕಷ್ಟವಿಲ್ಲ. ಪೆಟ್ಟಿಗೆ ಒಮ್ಮೆ ಬಿಚ್ಚಿದರೆ ಸಾಕು, ಊರುಗಳೇ ನಮ್ಮ ಬಳಿ ಬರುತ್ತವೆ. ರೈನ್ ನದಿಯಲ್ಲಿ ಬಿಂಗೆನ್‌ನಿಂದ ಕೊಬ್ಲೆಂಜ್‌ವರೆಗಿನ ಸುಮಾರು 65 ಕಿಲೋಮೀಟರ್ ಕಣಿವೆ, ಅದರ ಕೋಟೆಗಳು, ದ್ರಾಕ್ಷಿ ತೋಟಗಳು 2002ರಲ್ಲಿ ಯುನೆಸ್ಕೋ ಪಟ್ಟಿ ಸೇರಿವೆ. ಡ್ಯಾನ್ಯೂಬ್ ನದಿಯ ದಡದಲ್ಲಿ ವಿಯೆನ್ನಾ, ಬ್ರಾಟಿಸ್ಲಾವಾ, ಬುಡಾಪೆಸ್ಟ್, ಬೆಲ್‌ಗ್ರೇಡ್ ಎಂಬ ನಾಲ್ಕು ರಾಜಧಾನಿಗಳಿವೆ.

ಆದರೆ ನದಿ ನಮ್ಮ ಟಿಕೆಟ್ ನೋಡಿ ಹರಿಯುವುದಿಲ್ಲ. 2018 ಮತ್ತು 2022ರಲ್ಲಿ ಬರ ಬಿದ್ದು ರೈನ್ ನದಿಯ ನೀರು ತೀರಾ ಇಳಿಯಿತು. 2013ರ ಜೂನ್‌ನಲ್ಲಿ ಡ್ಯಾನ್ಯೂಬ್ ಉಕ್ಕಿ ಪಸಾವು ಪಟ್ಟಣ ಮುಳುಗಿತು. ನೀರು ಕಡಿಮೆಯಾದರೆ ಹಡಗು ತಳಕ್ಕೆ ತಾಗುತ್ತದೆ, ಹೆಚ್ಚಾದರೆ ಸೇತುವೆಯ ಕೆಳಗೆ ನುಗ್ಗಲಾರದು. ಆಗ ಕಂಪನಿಯವರು ನಿಮ್ಮನ್ನು ಬಸ್ಸಿನಲ್ಲಿ ಕರೆದೊಯ್ಯಬಹುದು. ಹಾಗೆ ಮಾಡುವ ಹಕ್ಕು ಸಾಮಾನ್ಯವಾಗಿ ಕರಾರಿನಲ್ಲೇ ಬರೆದಿರುತ್ತದೆ. ಹಣ ಕಟ್ಟುವ ಮೊದಲು ಆ ಸಣ್ಣ ಅಕ್ಷರ ಓದಿ. ಹಣ ವಾಪಸು ಸಿಗುವುದೇ, ವಿಮೆ ಇದಕ್ಕೆ ಅನ್ವಯಿಸುವುದೇ ಎಂದು ಬರವಣಿಗೆಯಲ್ಲೇ ಕೇಳಿ. ರೈನ್‌ನಲ್ಲಿ ಬೇಸಿಗೆಯ ಕೊನೆ ಮತ್ತು ಶರತ್ಕಾಲದಲ್ಲಿ ನೀರು ಇಳಿಯುವ ಸಂಭವ ಹೆಚ್ಚು. ಮಕ್ಕಳ ಪರೀಕ್ಷೆ ಮುಗಿದ ಏಪ್ರಿಲ್ ಕೊನೆಯಲ್ಲಿ ಹೊರಟರೆ ಹಾಲೆಂಡಿನ ಟ್ಯುಲಿಪ್ ಹೂಗಳೂ ಸಿಗುತ್ತವೆ.

ಇನ್ನು ವೀಸಾ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹತ್ತಿ ಬಾಸೆಲ್‌ನಲ್ಲಿ ಇಳಿಯುವ ಹಡಗು ಹಲವು ದೇಶಗಳನ್ನು ಮುಟ್ಟುತ್ತದೆ. ಒಂದೇ ಶೆಂಗೆನ್ ವೀಸಾ ಸಾಕು, ಆದರೆ ಅರ್ಜಿ ಯಾವ ದೇಶಕ್ಕೆ? ಹೆಚ್ಚು ದಿನ ಕಳೆಯುವ ದೇಶಕ್ಕೆ. ಸಮನಾದರೆ ಮೊದಲು ಕಾಲಿಡುವ ದೇಶಕ್ಕೆ. ಆದ್ದರಿಂದ ಹಡಗಿನ ವೇಳಾಪಟ್ಟಿ ಎದುರಿಗಿಟ್ಟು ಲೆಕ್ಕ ಹಾಕಿ. ಬೆಲ್‌ಗ್ರೇಡ್ ಇರುವ ಸರ್ಬಿಯಾ ಶೆಂಗೆನ್‌ನಲ್ಲಿಲ್ಲ. ಅಲ್ಲಿಗೆ ಹೋಗಿ ಮರಳಿ ಬರುವವರಿಗೆ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶವಿರುವ ವೀಸಾ ಬೇಕು. ಪ್ರವಾಸಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಬೇಸಿಗೆ ರಜೆಯಲ್ಲಿ ಮುಂಬಯಿಯಲ್ಲಿ ಸಂದರ್ಶನದ ದಿನ ಸಿಗುವುದೇ ಕಷ್ಟ, ತಡ ಮಾಡಬೇಡಿ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಪಾಸ್‌ಪೋರ್ಟ್ ಹಿಂತಿರುಗುವ ದಿನದ ನಂತರವೂ ಮೂರು ತಿಂಗಳು ಊರ್ಜಿತವಾಗಿರಬೇಕು.

ವಿದೇಶ ಪ್ಯಾಕೇಜಿಗೆ ಹಣ ಕಟ್ಟುವಾಗ ಟಿಸಿಎಸ್ ಎಂಬ ತೆರಿಗೆಯನ್ನು ಮೂಲದಲ್ಲೇ ವಸೂಲು ಮಾಡುತ್ತಾರೆ. ಅದರ ದರ ಬಜೆಟ್ಟಿನಲ್ಲಿ ಬದಲಾಗುತ್ತಿರುತ್ತದೆ. ರಸೀದಿ ಜೋಪಾನವಾಗಿಡಿ, ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ಬರುತ್ತದೆ.

ಮಂಡಿನೋವಿರುವ ಹಿರಿಯರನ್ನು ಕರೆದೊಯ್ಯುವಿರಾ? ಲಿಫ್ಟ್ ಇದೆ ಎಂದರೆ ಸಾಲದು, ಎಲ್ಲ ಅಂತಸ್ತಿಗೂ ಇದೆಯೇ ಎಂದು ಕೇಳಿ. ದಡದಲ್ಲಿ ಹಡಗುಗಳನ್ನು ಒಂದರ ಪಕ್ಕ ಒಂದು ಕಟ್ಟುವುದುಂಟು. ಆಗ ಇನ್ನೊಂದು ಹಡಗು ದಾಟಿ ಇಳಿಯಬೇಕು. ನಿಮ್ಮ ಕಿಟಕಿಯ ಎದುರು ನದಿಯ ಬದಲು ಪಕ್ಕದ ಹಡಗಿನ ಗೋಡೆ ಕಾಣಬಹುದು. ಹಳೆಯ ಊರುಗಳ ಬೀದಿಗಳಲ್ಲಿ ಉರುಟು ಕಲ್ಲಿನ ಹಾಸು. ಗಟ್ಟಿ ಅಡಿಯ ಬೂಟು ಬೇಕು, ನಮ್ಮ ಚಪ್ಪಲಿ ಅಲ್ಲ.

ಶುದ್ಧ ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ತಿಳಿಸಬೇಕು. ಚಟ್ನಿಪುಡಿ, ಅವಲಕ್ಕಿ ಜೊತೆಗಿರಲಿ. ಆದರೆ ತುಪ್ಪ, ಪೇಡೆಯಂಥ ಹಾಲಿನ ಪದಾರ್ಥ ಬೇಡ. ಯುರೋಪ್ ಒಕ್ಕೂಟದೊಳಗೆ ಅವನ್ನು ಒಯ್ಯಲು ಬಿಡುವುದಿಲ್ಲ.

ಕೊನೆಯದಾಗಿ, ಹಡಗು ಹತ್ತುವ ಊರಿಗೆ ಒಂದು ದಿನ ಮೊದಲೇ ತಲುಪಿ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ. ಉಳಿತಾಯದ ಹಣ ಒಂದೇ ಸಲ ಖರ್ಚಾಗುವುದು. ಕೇಳಬೇಕಾದ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಮೊದಲೇ ಕೇಳಿ. ಎಲ್ಲ ಗೊತ್ತಿದ್ದು ಹೊರಟರೆ, ಬಸ್ಸಿನಲ್ಲಿ ಕೂರಬೇಕಾಗಿ ಬಂದರೂ ಮನಸ್ಸು ಕೆಡುವುದಿಲ್ಲ.