ರಟ್ಟಿನ ಪೆಟ್ಟಿಗೆಯ ಎರಡನೆಯ ಪಯಣ



ಆಷಾಢ ಕಳೆದು ಶ್ರಾವಣ ಕಾಲಿಟ್ಟೊಡನೆ ದಕ್ಷಿಣ ಬೆಂಗಳೂರಿನ ಬೀದಿಗಳಲ್ಲಿ ಮನೆಸಾಮಾನು ಹೇರಿದ ಸಣ್ಣ ಲಾರಿಗಳು ಹೆಚ್ಚಾಗಿ ಕಾಣಿಸುತ್ತವೆ. ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದು. ಬನಶಂಕರಿಯಿಂದ ಜೆ.ಪಿ. ನಗರಕ್ಕೆ, ಜಯನಗರದಿಂದ ಬಿ.ಟಿ.ಎಂ. ಬಡಾವಣೆಗೆ ಹೀಗೆ ಮನೆ ಬದಲಿಸುವವರಲ್ಲಿ ಓದಿಗಾಗಿ, ಉದ್ಯೋಗಕ್ಕಾಗಿ ಘಟ್ಟವಿಳಿದುಹೋದ ಮಲೆನಾಡಿನ ಮಕ್ಕಳೂ ಇದ್ದಾರೆ. (ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಕುಗ್ಗಿ ಬಿ.ಟಿ.ಎಂ. ಆದವೆಂಬುದು ಅಲ್ಲಿ ವಾಸಿಸುವ ಅನೇಕರಿಗೇ ತಿಳಿಯದು.) ಲಾರಿ ಒಂದು ಕರೆಗೆ ಬರುತ್ತದೆ. ತಲೆನೋವು ಪೆಟ್ಟಿಗೆಗಳದು.

ಹಣ ಕೊಟ್ಟರೆ ಹೊಸ ಪೆಟ್ಟಿಗೆಗಳು ಮನೆಬಾಗಿಲಿಗೇ ಬರುತ್ತವೆ, ನಿಜ. ಆದರೆ ಆರೇಳು ಕಿಲೋಮೀಟರಿನ, ಒಂದೇ ಹಗಲಿನ ಪಯಣಕ್ಕೆ ಹೊಸ ಪೆಟ್ಟಿಗೆ ಏಕೆ? ಅದೇ ಬೀದಿಯ ಅಂಗಡಿಗಳು ಪ್ರತಿದಿನ ಗಟ್ಟಿಮುಟ್ಟಾದ ಪೆಟ್ಟಿಗೆಗಳನ್ನು ಚಪ್ಪಟೆ ಮಾಡಿ ಗುಜರಿಗೆ ಹಾಕುತ್ತವೆ. ಚಪ್ಪಟೆಯಾಗುವ ಮೊದಲೇ ಹೋಗಿ ಕೇಳಬೇಕು. ಗುಜರಿಯವನು ಕೊಡುವಷ್ಟು ಹಣವನ್ನು ಅಂಗಡಿಯವನಿಗೆ ಕೊಡುವುದೂ ನ್ಯಾಯ.

ಔಷಧದ ಅಂಗಡಿಯ ಪೆಟ್ಟಿಗೆಗಳು ಚಿಕ್ಕವು, ಒಣಗಿದವು, ಶುಚಿಯಾದವು. ಪುಸ್ತಕಗಳಿಗೆ ಅವೇ ಲೇಸು. ದೊಡ್ಡ ಪೆಟ್ಟಿಗೆಯ ತುಂಬ ಪುಸ್ತಕ ತುಂಬಿದರೆ ಎತ್ತುವವನ ಸೊಂಟವೂ ಪೆಟ್ಟಿಗೆಯ ತಳವೂ ಒಟ್ಟಿಗೇ ಹೋಗುತ್ತವೆ. ದೊಡ್ಡದರಲ್ಲಿ ಹಾಸಿಗೆ ಬಟ್ಟೆ ಇರಲಿ. ಗಾಜಿನ ಲೋಟಗಳಿಗೆ ಮದ್ಯದಂಗಡಿಯ ಪೆಟ್ಟಿಗೆಗಿಂತ ಉತ್ತಮವಾದುದು ಇಲ್ಲ, ಒಳಗೆ ಬಾಟಲಿಗೊಂದರಂತೆ ಮನೆಗಳಿರುತ್ತವೆ. ದೇವರ ಪಾತ್ರೆಗಳನ್ನು ಬ್ರಾಂದಿಯ ಪೆಟ್ಟಿಗೆಯಲ್ಲಿಡಲು ಹಿರಿಯರು ಹಿಂಜರಿಯಬಹುದು. ಹಳೆಯ ಸೀರೆಯಲ್ಲಿ ಸುತ್ತಿಟ್ಟರೆ ದೇವರೇನೂ ಆಕ್ಷೇಪಿಸಲಾರ.

ಹಣ್ಣಿನಂಗಡಿಯ ಸೇಬಿನ ಪೆಟ್ಟಿಗೆಗೆ ಬೆಟ್ಟದ ನಾಡಿನವರು ಕೇಳಬೇಕಾದ ಕಥೆಯೊಂದಿದೆ. ಹಿಂದೆ ಹಿಮಾಚಲದ ಸೇಬು ಫರ್, ಸ್ಪ್ರೂಸ್ ಮರಗಳ ಪೆಟ್ಟಿಗೆಗಳಲ್ಲಿ ಕೆಳನಾಡಿಗೆ ಬರುತ್ತಿತ್ತು. ಹಣ್ಣಿನ ತೋಟ ಬೆಳೆದಷ್ಟೂ ಕಾಡು ಕರಗಿತು. ಅದನ್ನು ತಡೆಯಲೆಂದೇ 1980ರ ದಶಕದಲ್ಲಿ ಅಲ್ಲಿ ರಟ್ಟಿನ ಪೆಟ್ಟಿಗೆ ಬಳಕೆಗೆ ಬಂತು. 2024ರಿಂದ ಸುಮಾರು 20 ಕೆ.ಜಿ. ಹಿಡಿಸುವ ಒಂದೇ ಅಳತೆಯ ಪೆಟ್ಟಿಗೆಯನ್ನು ಅಲ್ಲಿನ ಸರ್ಕಾರ ಕಡ್ಡಾಯಗೊಳಿಸಿದೆ. ಒಬ್ಬ ಮನುಷ್ಯ ಎತ್ತಬಲ್ಲ ತೂಕ. ಮನೆ ಬದಲಿಸುವವರಿಗೂ ಅದೇ ಸರಿಯಾದ ಅಳತೆ.

ರಟ್ಟಿನ ಬಲವಿರುವುದು ದಪ್ಪದಲ್ಲಲ್ಲ, ಎರಡು ಹಾಳೆಗಳ ನಡುವೆ ಅಲೆಯಂತೆ ಮಡಿದು ಅಂಟಿಸಿದ ಮೂರನೆಯ ಹಾಳೆಯಲ್ಲಿ. ಆ ಅಲೆಗಳು ಕಂಬಗಳಂತೆ ನೆಟ್ಟಗೆ ನಿಂತರೆ ಮಾತ್ರ ಭಾರ ಹೊರುತ್ತವೆ. ಆದ್ದರಿಂದ ತುಂಬಿದ ಪೆಟ್ಟಿಗೆಯನ್ನು ಮಗ್ಗುಲಾಗಿ ಮಲಗಿಸಿ ಅದರ ಮೇಲೆ ಇನ್ನೊಂದನ್ನು ಪೇರಿಸಬಾರದು. ಗಾಳಿಯ ತೇವ ಹೆಚ್ಚಾದಾಗ ರಟ್ಟು ಸುಮಾರು ಅರ್ಧದಷ್ಟು ಬಲವನ್ನು ಕಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಅಟ್ಟದ ಮೇಲಿನ ಸಾಮಾನು ನೋಡಿದ ಮಲೆನಾಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ಹಾಳೆಗಳನ್ನು ಅಂಟಿಸುವುದು ಹೆಚ್ಚಾಗಿ ಮೆಕ್ಕೆಜೋಳದ ಪಿಷ್ಟದಿಂದ. ದಾವಣಗೆರೆ, ಹಾವೇರಿಯ ರೈತರು ಬೆಳೆಯುವ ಅದೇ ಮೆಕ್ಕೆಜೋಳ. ಪಿಷ್ಟವೆಂದರೆ ಜಿರಳೆಗೆ ಆಹಾರ, ಅಲೆಗಳ ನಡುವಿನ ಸಂದು ಅದಕ್ಕೆ ಮನೆ. ಆದಕಾರಣ ಒದ್ದೆಯಾದ ತರಕಾರಿ ಪೆಟ್ಟಿಗೆ ಬೇಡ. ದಿನಸಿ ಅಂಗಡಿಯದಾದರೆ ಬಿಸಿಲಿಗೆ ಹಿಡಿದು, ಕೊಡವಿ, ಮಡಿಕೆಗಳಲ್ಲಿ ಮೊಟ್ಟೆಕೋಶಗಳಿವೆಯೇ ಎಂದು ನೋಡಿಯೇ ಒಳತರಬೇಕು.

ಪೇಟೆಯ ಪೆಟ್ಟಿಗೆಯ ಮಾತು ಈ ಬೆಟ್ಟದ ಸಭೆಗೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ರಟ್ಟೂ ಕಾಗದವೇ, ಕಾಗದಕ್ಕಾಗಿ ಮಲೆನಾಡು ಏನನ್ನು ತೆತ್ತಿತೆಂಬುದು ಉತ್ತರ ಕನ್ನಡದ ಹಿರಿಯರಿಗೆ ಗೊತ್ತು. ಮೊದಲು ಸಾಮಾನು ಸಾಗುತ್ತಿದ್ದುದು ಮೇದಾರರು ಹೆಣೆದ ಬಿದಿರಿನ ಬುಟ್ಟಿಗಳಲ್ಲಿ. 1955ರಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾದ ಬಳಿಕ ಅದೇ ಬಿದಿರು ಕಾಳಿ ತೀರದ ಯಂತ್ರಗಳಿಗೆ ಹೋಯಿತು, ಬಹು ಅಗ್ಗದ ದರಕ್ಕೆ. ಬಿದಿರು ಕ್ಷೀಣಿಸಿದ್ದೇಕೆಂದು ಮಾಧವ ಗಾಡ್ಗೀಳರು 1970ರ ದಶಕದಲ್ಲಿ ಅಧ್ಯಯನ ಮಾಡಿದಾಗ ಕಂಡ ಸಂಗತಿ ಗಮನಾರ್ಹ. ಮೆಳೆ ಚೆನ್ನಾಗಿ ಬೆಳೆಯಲೆಂದು ಅದರ ಬುಡದ ಮುಳ್ಳಿನ ಹೊದಿಕೆಯನ್ನು ಸವರಲಾಗುತ್ತಿತ್ತು. ಆ ಮುಳ್ಳೇ ಎಳೆಯ ಕಳಲೆಗೆ ಬೇಲಿ. ಬೇಲಿ ಹೋದೊಡನೆ ದನಕರು, ಕಾಡುಪ್ರಾಣಿಗಳು ಕಳಲೆಯನ್ನು ಮೇಯ್ದವು. ಹಳ್ಳಿಯವರು ಬಲ್ಲ ಈ ಸಂಗತಿ ಯೋಜನೆ ಬರೆದವರಿಗೆ ಹೊಳೆದಿರಲಿಲ್ಲ.

ಇಂದು ಭಾರತದ ರಟ್ಟಿನ ಪೆಟ್ಟಿಗೆಗಳು ಬಹುಮಟ್ಟಿಗೆ ಹಳೆಯ ಕಾಗದದಿಂದಲೇ ತಯಾರಾಗುತ್ತವೆ ಎಂಬುದು ಸಮಾಧಾನದ ವಿಷಯ. ಆದರೆ ಪೂರ್ಣ ಸಮಾಧಾನವಲ್ಲ. ಪ್ರತಿ ಸಲ ನೀರಿನಲ್ಲಿ ಅರೆದು ತಿರುಳಾಗಿಸಿದಾಗ ನಾರು ಗಿಡ್ಡವಾಗುತ್ತದೆ. ಐದಾರು ಸುತ್ತುಗಳ ಬಳಿಕ ಅದು ಕಾಗದ ಹಿಡಿಯದು. ಆಗ ಎಲ್ಲಿಯದೋ ಮರದ ಹೊಸ ನಾರನ್ನು ಬೆರೆಸಲೇಬೇಕು. ಪೆಟ್ಟಿಗೆಯನ್ನು ಇಡಿಯಾಗಿ ಮತ್ತೊಮ್ಮೆ ಬಳಸಿದಾಗ ನೀರೂ ಬೇಡ, ಉರುವಲೂ ಬೇಡ, ನಾರೂ ಗಿಡ್ಡವಾಗದು.

ಹೊಸ ಮನೆ ಸೇರಿದ ಮೇಲೆ ಪೆಟ್ಟಿಗೆಗಳನ್ನು ಹರಿಯದೆ, ಮಡಿಕೆಗಳಲ್ಲೇ ಮಡಚಿ, ಹುರಿ ಕಟ್ಟಿ ಇಟ್ಟರೆ ಮುಂದಿನ ತಿಂಗಳು ಹೊರಡುವ ನೆರೆಯವರಿಗೆ ಒದಗುತ್ತವೆ. ಮೆತ್ತಗಾದವು ಗುಜರಿಗೆ ಹೋಗಲಿ. ಹೋಗುವ ಮುನ್ನ ಪ್ಲಾಸ್ಟಿಕ್ ಟೇಪನ್ನು ಮಾತ್ರ ಕಿತ್ತುಬಿಡಬೇಕು. ತಿರುಳು ಅರೆಯುವ ತೊಟ್ಟಿಯಲ್ಲಿ ಅದು ಕರಗುವುದಿಲ್ಲ.