ಕಷ್ಟದಲ್ಲಿ ಸಹನೆ, ಅಲ್ಲಾಹನಲ್ಲಿ ಭರವಸೆ

(ಮೈಸೂರಿನ ಗೋಕುಲಂನಲ್ಲಿ ನಡೆದ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ)



ವರ್ಷದ ಲೆಕ್ಕಪತ್ರ ನಿಮ್ಮ ಕೈಯಲ್ಲಿದೆ. ಅದರಲ್ಲಿ ಬರೆಯದ ಒಂದು ಲೆಕ್ಕವನ್ನು ಇಂದು ನಿಮಗೆ ಒಪ್ಪಿಸಬೇಕಾಗಿದೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಆಟೋಗಳು ನಿಂತವು, ದಿನಗೂಲಿ ನಿಂತಿತು. ಆ ರಮಝಾನಿನ ತರಾವೀಹನ್ನೂ ಈದ್ ನಮಾಝನ್ನೂ ಮನೆಯಲ್ಲೇ ನಿರ್ವಹಿಸಿದೆವು. ಮಾರ್ಚ್ ಕೊನೆಗೆ ನಡೆಯಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 25ಕ್ಕೆ ಶುರುವಾಯಿತು. ಮಕ್ಕಳು ಮಾಸ್ಕ್ ಹಾಕಿಕೊಂಡು ಬರೆದರು.

ಆ ವರ್ಷ ಒಳ್ಳೆಯ ಅಂಕ ಪಡೆದ ಹುಡುಗಿಯೊಬ್ಬಳ ತಾಯಿ ನಮ್ಮ ಬಳಿ ಬಂದರು. ಗಂಡನ ಆಟೋ ಬಾಡಿಗೆಯಿಲ್ಲದೆ ನಿಂತಿತ್ತು. ತಾವು ಊದುಬತ್ತಿ ಹೊಸೆದು ಮನೆ ನಡೆಸುತ್ತಿದ್ದರು. ಮಗಳ ಪಿಯುಸಿ ಶುಲ್ಕಕ್ಕೆ ಸಹಾಯ ಕೇಳಿದರು. ಅರ್ಜಿಯ ಅವಧಿ ಮುಗಿದಿತ್ತು. "ಸಬ್ರ್ ಮಾಡಿ ಆಪಾ, ಅಲ್ಲಾಹನು ದಾರಿ ತೋರಿಸುತ್ತಾನೆ" ಎಂದು ಹೇಳಿ ಕಳುಹಿಸಿದೆವು. ಮರುವರ್ಷ ವಿಚಾರಿಸಿದಾಗ ಹುಡುಗಿಯೂ ತಾಯಿಯ ಪಕ್ಕದಲ್ಲಿ ಕುಳಿತು ಊದುಬತ್ತಿ ಹೊಸೆಯುತ್ತಿದ್ದಳು.

ನಾವು ಹೇಳಿದ ಮಾತು ಸುಳ್ಳಲ್ಲ. ಹೇಳಿ ಸುಮ್ಮನಾದದ್ದು ತಪ್ಪು.

ತವಕ್ಕುಲ್ ಎಂದರೇನೆಂದು ತಿಳಿಯಲು ಹಿಜ್ರತನ್ನು ನೆನೆಯೋಣ. ಕ್ರಿ.ಶ. 622ರಲ್ಲಿ ಪ್ರವಾದಿ ಮುಹಮ್ಮದ್(ಸ) ಮಕ್ಕಾ ಬಿಡುವ ಮುನ್ನವೇ ಒಂಟೆಗಳು ಸಿದ್ಧವಾಗಿದ್ದವು. ಮದೀನಾ ಇರುವುದು ಉತ್ತರಕ್ಕೆ. ಅವರು ಮೊದಲು ದಕ್ಷಿಣಕ್ಕೆ ಹೋಗಿ ಸೌರ್ ಗುಹೆಯಲ್ಲಿ ಮೂರು ರಾತ್ರಿ ತಂಗಿದರು. ಅಬೂಬಕರ್(ರ)ರ ಮಗ ಅಬ್ದುಲ್ಲಾ ಊರಿನ ಸುದ್ದಿ ತಂದರು, ಮಗಳು ಅಸ್ಮಾ ಬುತ್ತಿ ಕಟ್ಟಿಕೊಟ್ಟರು. ದಾರಿ ತೋರಿಸಲು ಗೊತ್ತುಮಾಡಿದ ವ್ಯಕ್ತಿ ಮುಸ್ಲಿಮನಾಗಿರಲಿಲ್ಲ. ದಾರಿ ಬಲ್ಲವನೂ ನಂಬಿಕಸ್ಥನೂ ಆಗಿದ್ದ. ಇಷ್ಟೆಲ್ಲ ಮಾಡಿದ ಮೇಲೂ ಬೆನ್ನಟ್ಟಿದವರು ಗುಹೆಯ ಬಾಯಿಗೇ ಬಂದರು. ಮನುಷ್ಯನಿಂದ ಆಗುವುದೇನೂ ಉಳಿಯದ ಆ ಹೊತ್ತಿನಲ್ಲಿ ಪ್ರವಾದಿಯವರು(ಸ) ಅಲ್ಲಾಹನ ಸಾಮೀಪ್ಯವನ್ನು ನೆನಪಿಸಿ ಸಂಗಾತಿಯ ಕಳವಳವನ್ನು ನೀಗಿಸಿದರು. ಪವಿತ್ರ ಕುರ್‌ಆನಿನ ಅತ್ತೌಬಾ ಅಧ್ಯಾಯದಲ್ಲಿ ಇದರ ಸ್ಮರಣೆಯಿದೆ.

ಗಮನಿಸಿ, ಆ ಸಾಂತ್ವನವನ್ನು ಅವರು ಹೊರಗೆ ನಿಂತು ಹೇಳಲಿಲ್ಲ. ಅದೇ ಗುಹೆಯಲ್ಲಿ, ಅದೇ ಅಪಾಯದಲ್ಲಿ ಜೊತೆಗಿದ್ದು ಹೇಳಿದರು. ನಾವು ಆ ತಾಯಿಗೆ ಮೇಜಿನ ಈಚೆ ಕುಳಿತು ಹೇಳಿದ್ದೆವು.

ನಮ್ಮ ಕಷ್ಟಕ್ಕೆ ನಾವು ಸಬ್ರ್ ಮಾಡಬೇಕು. ಇನ್ನೊಬ್ಬರ ಕಷ್ಟಕ್ಕೆ ಮೊದಲು ಕೈ ನೀಡಬೇಕು, ಸಬ್ರಿನ ಮಾತು ಆಮೇಲೆ. ಝಕಾತನ್ನು ಅಲ್ಲಾಹನು ಬಡವರ ಹಕ್ಕಾಗಿ ಇಟ್ಟಿರುವುದು ಇದಕ್ಕಾಗಿಯೇ.

ಆ ಹುಡುಗಿಯ ಮನೆಗೆ ನಾವೇ ಹೋದೆವು. ತನಗಿಂತ ಚಿಕ್ಕವರ ಜೊತೆ ಅವಳು ಪಿಯುಸಿಗೆ ಸೇರಿದಳು. ಕಳೆದುಹೋದ ವರ್ಷವನ್ನು ಮಾತ್ರ ಹಿಂದಿರುಗಿಸಲು ನಮ್ಮಿಂದಾಗಲಿಲ್ಲ. ಅಂದಿನಿಂದ ಸದಕಾ ನಿಧಿಯ ಒಂದು ಪಾಲನ್ನು ತಡವಾಗಿ ಬರುವವರಿಗೆಂದೇ ತೆಗೆದಿಡುತ್ತಿದ್ದೇವೆ.

ಮಕ್ಕಳೇ, ಅರ್ಜಿ ಹಾಕುವುದು ನಾಚಿಕೆಯಲ್ಲ, ಭರವಸೆಯ ಕೊರತೆಯೂ ಅಲ್ಲ. ಅದು ಪ್ರಯಾಣಕ್ಕೆ ಒಂಟೆ ಸಿದ್ಧಪಡಿಸಿದಂತೆ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ತನ್ನಿ. ಯಾವುದಾದರೊಂದು ಸಿಗದಿದ್ದರೂ ಬನ್ನಿ, ಮಾಡಿಸಿಕೊಳ್ಳಲು ನಾವು ಜೊತೆಗೆ ಬರುತ್ತೇವೆ. ದಾನಿಗಳೇ, ನಿಮ್ಮ ನೆರೆಮನೆಯಲ್ಲಿ ಶಾಲೆ ಬಿಟ್ಟ ಮಗುವಿದ್ದರೆ, ಅದು ಯಾರದೇ ಮಗುವಾಗಿರಲಿ, ನಮಗೆ ತಿಳಿಸಿ.

ಕೈಲಾದದ್ದನ್ನು ಮಾಡುವ ಶಕ್ತಿಯನ್ನೂ, ಕೈಮೀರಿದ್ದನ್ನು ಅಲ್ಲಾಹನಿಗೆ ಒಪ್ಪಿಸುವ ಮನಸ್ಸನ್ನೂ ಅವನು ನಮಗೆಲ್ಲ ಕರುಣಿಸಲಿ. ಆಮೀನ್.